ಭಾಸಲೋಕಕ್ಕೊಂದು ಕರಪತ್ರ

ನಮ್ಮ ಕಡೆಯ ಜಾತ್ರೆಗಳಿಗೆ ಹಿಂದೆ ಒಬ್ಬ ಪೆಟ್ಟಿಗೆಯವನು ಬರುತ್ತಿದ್ದ. ನಮ್ಮ ಕಡೆ ಎಂದರೆ ಚನ್ನಪಟ್ಟಣ ತಾಲ್ಲೂಕಿನ ವಿರೂಪಾಕ್ಷಿಪುರದ ಸುತ್ತಿನ ಹಳ್ಳಿಗಳು. ರಾಗಿ, ಹಿಪ್ಪುನೇರಳೆ, ತೆಂಗು, ಮಾವುಗಳ ಸೀಮೆ. ಮುಕ್ಕಾಲು ಪೀಠದ ಮೇಲೆ ನಿಲ್ಲಿಸಿದ ಒಂದು ತಗಡಿನ ಪೆಟ್ಟಿಗೆ, ಅದರ ಮುಖದಲ್ಲಿ ನಾಲ್ಕೈದು ದುಂಡು ಕಿಂಡಿಗಳು, ಕಿಂಡಿಗೊಂದು ಗಾಜು. ಕಾಸು ಕೊಟ್ಟ ಹುಡುಗ ಮಂಡಿಯೂರಿ ಕಿಂಡಿಗೆ ಕಣ್ಣು ಹಚ್ಚಿದನೆಂದರೆ ಒಳಗೆ ತಾಜಮಹಲು, ಬೊಂಬಾಯಿಯ ಕಡಲು, ಅಂಬಾರಿ ಹೊತ್ತ ಆನೆ. ಪೆಟ್ಟಿಗೆಯವನು ಒಂದು ಕೈಯಿಂದ ಚಿತ್ರದ ಸುರುಳಿಯನ್ನು ತಿರುಗಿಸುತ್ತ, ಇನ್ನೊಂದು ಕೈಯಿಂದ ಗೆಜ್ಜೆ ಕುಲುಕುತ್ತ, ಒಳಗಿರುವ ಊರುಗಳ ಹೆಸರುಗಳನ್ನು ಹಾಡಿ ಹೇಳುತ್ತಿದ್ದ. ಬಯಾಸ್ಕೋಪು ಎಂದು ಅದನ್ನು ಕರೆಯುತ್ತಿದ್ದೆವು.

ಆ ಮನುಷ್ಯನ ವ್ಯಾಪಾರದ ರೀತಿಯನ್ನು ಈಗ ನೆನೆದರೆ ಒಂದು ಸಂಗತಿ ವಿಶೇಷವಾಗಿ ಕಾಣುತ್ತದೆ. ಅವನು ಒಂದು ದಿನವೂ ತನ್ನ ಪೆಟ್ಟಿಗೆಯನ್ನು ಹೊಗಳಿದವನಲ್ಲ. ತಗಡು ಎಷ್ಟು ಗಟ್ಟಿ, ಗಾಜು ಯಾವ ದೇಶದ್ದು, ಸುರುಳಿ ಎಷ್ಟು ಗಜ ಎಂಬ ಮಾತು ಅವನ ಬಾಯಿಂದ ಬರಲೇ ಇಲ್ಲ. ಅವನು ಹಾಡಿದ್ದು ಊರುಗಳನ್ನು. ಕಿಂಡಿ ಸಿಗದ ಹುಡುಗರು ಆ ಹಾಡನ್ನು ಕೇಳಿಯೇ ಮನೆಗೆ ಓಡಿ, ತಾಯಿಯ ಸೆರಗು ಹಿಡಿದು ಕಾಸಿಗೆ ಪೀಡಿಸುತ್ತಿದ್ದರು. ಇನ್ನೊಂದು ಮಾತು: ಕಿಂಡಿಗಳು ನಾಲ್ಕೈದು ಇದ್ದುದರಿಂದ ನಾವು ನಾಲ್ಕೈದು ಮಂದಿ ಭುಜಕ್ಕೆ ಭುಜ ತಾಗಿಸಿಕೊಂಡು ಏಕಕಾಲದಲ್ಲಿ ಅದೇ ಊರಿಗೆ ಹೋಗಿ ಬರುತ್ತಿದ್ದೆವು. ನೋಡಿದ್ದಕ್ಕಿಂತ, ನೋಡಿದ ಮೇಲೆ ಆನೆಗೆ ದಂತ ಇತ್ತೋ ಇಲ್ಲವೋ ಎಂದು ಆಡಿದ ಜಗಳವೇ ನನಗೆ ಹೆಚ್ಚು ನೆನಪಿದೆ.

ಆ ಪೆಟ್ಟಿಗೆಯ ಮೊಮ್ಮಗ ಈಗ ಹುಟ್ಟಿ ಬೆಳೆದಿದ್ದಾನೆ. ಅವನು ತಲೆಗೆ ಬಿಗಿದುಕೊಳ್ಳುವ ದಪ್ಪ ಕನ್ನಡಕದ ರೂಪದಲ್ಲಿದ್ದಾನೆ. ಎರಡು ಕಣ್ಣಿನ ಮುಂದೆಯೂ ಒಂದೊಂದು ಚಿತ್ರ. ಎರಡಕ್ಕೂ ಎಳ್ಳಷ್ಟು ವ್ಯತ್ಯಾಸ. ಆ ವ್ಯತ್ಯಾಸದಿಂದ ನಮ್ಮ ಮಿದುಳು ಆಳವನ್ನು ಕಲ್ಪಿಸಿಕೊಳ್ಳುತ್ತದೆ. ತಲೆ ತಿರುಗಿಸಿದರೆ ಚಿತ್ರವೂ ಅದಕ್ಕೆ ತಕ್ಕಂತೆ ತಿರುಗುವುದರಿಂದ ನಾವು ಚಿತ್ರವನ್ನು ನೋಡುತ್ತಿಲ್ಲ, ಅದರೊಳಗೆ ನಿಂತಿದ್ದೇವೆ ಎಂಬ ಭಾವನೆ ಬರುತ್ತದೆ. ಕನ್ನಡಕವಿಲ್ಲದೆ, ಕಂಪ್ಯೂಟರಿನ ಪರದೆಯ ಮೇಲೆಯೇ ಪ್ರವೇಶಿಸಬಹುದಾದ ಲೋಕಗಳೂ ಉಂಟು. ಅಲ್ಲಿ ನಮಗೆ ಒಂದು ಗೊಂಬೆಯ ದೇಹ ದೊರೆಯುತ್ತದೆ. ಅದನ್ನು ಅವರು ನಮ್ಮಿಂದಲೇ ಎರವಲು ಪಡೆದು ‘ಅವತಾರ’ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ವರ್ಚುಯಲ್ ವರ್ಲ್ಡ್ ಎಂಬ ಹೆಸರಿರುವ ಇದನ್ನು ಕನ್ನಡದಲ್ಲಿ ಮಿಥ್ಯಾಲೋಕ ಎಂದವರಿದ್ದಾರೆ. ನನಗೆ ಆ ಹೆಸರು ಒಗ್ಗದು. ಮಿಥ್ಯೆ ಎಂದರೆ ಸುಳ್ಳು. ಪ್ರವೇಶಕ್ಕೆ ಮುಂಚೆಯೇ ತೀರ್ಪು ಕೊಟ್ಟಂತಾಯಿತು. ಇಲ್ಲಿ ಭಾಸಲೋಕ ಎನ್ನುತ್ತೇನೆ. ಸುಳ್ಳೋ ನಿಜವೋ, ತೋರುತ್ತದೆ ಎಂಬುದಂತೂ ದಿಟ.

ಈ ಭಾಸಲೋಕಗಳು ಸಾಮಾನ್ಯ ಜನರಿಗೆ ತಮ್ಮನ್ನು ಪರಿಚಯಿಸಿಕೊಳ್ಳಬೇಕಾದ ರೀತಿ ಯಾವುದು ಎಂಬುದೇ ಇಂದಿನ ಮಾತು. ಜಾಹೀರಾತಿನ ಶಾಸ್ತ್ರ ನನಗೆ ಗೊತ್ತಿಲ್ಲ. ಮನೆಯಲ್ಲಿ ನಡೆದ ಒಂದು ಪ್ರಸಂಗದಿಂದ ಈ ಯೋಚನೆ ಹುಟ್ಟಿತು.

ನನ್ನ ಅಕ್ಕನಿಗೆ ಎಂಬತ್ತು ದಾಟಿದೆ. ಮಂಡಿನೋವಿನಿಂದಾಗಿ ವಿರೂಪಾಕ್ಷಿಪುರದ ಮನೆಯ ಜಗಲಿಯೇ ಅವಳ ಜಗತ್ತಿನ ಎಲ್ಲೆಯಾಗಿದೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅವಳ ಮೊಮ್ಮಗ ಒಂದು ಭಾನುವಾರ ಈ ಕನ್ನಡಕವನ್ನು ತಂದ. ಅಜ್ಜಿಗೆ ಕಾಶಿ ತೋರಿಸಬೇಕೆಂಬುದು ಅವನ ಆಸೆ. ಭಾವ ಇದ್ದಾಗ ಕಾಶಿಯಾತ್ರೆಯ ಮಾತು ಎರಡು ಸಲ ಎದ್ದು ಎರಡು ಸಲವೂ ನಿಂತುಹೋಗಿತ್ತು. ಹುಡುಗ ಒಳ್ಳೆಯವನು, ಆದರೆ ಅವನು ಆರಂಭಿಸಿದ್ದು ಪೆಟ್ಟಿಗೆಯ ವರ್ಣನೆಯಿಂದ. ಪರದೆ ಎಷ್ಟು ಸೂಕ್ಷ್ಮ, ಸೆಕೆಂಡಿಗೆ ಎಷ್ಟು ಚಿತ್ರ, ಬ್ಯಾಟರಿ ಎಷ್ಟು ಹೊತ್ತು ಎಂದು ಹೇಳುತ್ತಲೇ ಹೋದ. ಅಕ್ಕ ಅವರೆಕಾಯಿ ಸುಲಿಯುತ್ತ ಎಲ್ಲವನ್ನೂ ಕೇಳಿಸಿಕೊಂಡಳು. ಕಡೆಗೆ, “ಅದೆಲ್ಲ ಇರ್ಲಿ ಮಗ, ಅಲ್ಲಿ ಯಾರವ್ರೆ?” ಎಂದಳು.

“ಯಾರೂ ಇರಲ್ಲ ಅಜ್ಜಿ. ನೀನೊಬ್ಳೇ. ಆರಾಮಾಗಿ ನೋಡ್ಬೋದು.”

“ಒಬ್ಳೇ ಓಗಿ ಏನ್ ಮಾಡ್ಲಿ? ಸಾಕು ಅನ್ನುಸ್ದಾಗ ವಾಪಸ್ ಬರೋದೆಂಗೆ?”

ಆದರೂ ಮೊಮ್ಮಗನ ಮನಸ್ಸನ್ನು ನೋಯಿಸಲಾರದೆ ಕಟ್ಟಿಸಿಕೊಂಡಳು. ದಶಾಶ್ವಮೇಧ ಘಟ್ಟದ ಮೆಟ್ಟಿಲು ಕಂಡಿತಂತೆ. ಒಂದು ಗಳಿಗೆ ಸುಮ್ಮನಿದ್ದು, ನೀರಿನ ಕಡೆಗೆ ಎರಡೂ ಕೈ ಚಾಚಿದಳು. ಕೈಗೆ ಸಿಕ್ಕಿದ್ದು ಅವರೆಕಾಯಿಯ ಮೊರ. ಕನ್ನಡಕ ತೆಗೆದ ಮೇಲೆ ತಲೆ ಸುತ್ತಿ, ಆ ರಾತ್ರಿ ಊಟ ಮಾಡದೆ ಮಲಗಿದಳು. ಬೆಳಿಗ್ಗೆ ಅವಳು ಆಡಿದ ಮಾತು ಒಂದೇ: ತಲೆ ಸುತ್ತುತ್ತದೆಂದು ಮೊದಲೇ ಹೇಳಿದ್ದರೆ ಕುಳಿತು ನೋಡುತ್ತಿರಲಿಲ್ಲ, ಮಲಗಿಯೇ ನೋಡುತ್ತಿದ್ದೆ.

ಅಲ್ಲಿ ಯಾರಿದ್ದಾರೆ, ಹಿಂದಿರುಗುವುದು ಹೇಗೆ, ನನಗೆ ಆಗುವುದೇನು? ಅಕ್ಷರ ಅಷ್ಟಾಗಿ ತಿಳಿಯದ ಅಕ್ಕ ಕೇಳಿದ ಈ ಪ್ರಶ್ನೆಗಳಿಗೆ, ಕೋಟ್ಯಂತರ ಡಾಲರು ಸುರಿದ ಕಂಪನಿಗಳ ಪ್ರಚಾರದಲ್ಲಿ ನಾನು ಉತ್ತರ ಹುಡುಕಿದ್ದೇನೆ. ಬಹಳ ಕಡಿಮೆ ಸಿಕ್ಕಿದೆ.

ಹೆಸರಿನಿಂದಲೇ ನೋಡೋಣ. 2021ರ ಅಕ್ಟೋಬರಿನಲ್ಲಿ ಫೇಸ್‌ಬುಕ್ ಸಂಸ್ಥೆ ತನ್ನ ಹೆಸರನ್ನು ಮೆಟಾ ಎಂದು ಬದಲಿಸಿಕೊಂಡು, ಮನುಷ್ಯರೆಲ್ಲ ಸೇರುವ ‘ಮೆಟಾವರ್ಸ್’ ಎಂಬ ಲೋಕವನ್ನು ಕಟ್ಟುವುದಾಗಿ ಸಾರಿತು. ಈ ಪದ ಬಂದದ್ದು ನೀಲ್ ಸ್ಟೀಫನ್‌ಸನ್ ಎಂಬ ಅಮೆರಿಕನ್ ಲೇಖಕ 1992ರಲ್ಲಿ ಪ್ರಕಟಿಸಿದ ‘ಸ್ನೋ ಕ್ರ್ಯಾಶ್’ ಕಾದಂಬರಿಯಿಂದ. ಆ ಕಾದಂಬರಿಯ ಹೊರಲೋಕ ಕುಸಿದುಬಿದ್ದಿದೆ; ನಾಯಕನ ವಾಸ ಸಾಮಾನು ತುಂಬಿಡುವ ಬಾಡಿಗೆ ಕೋಣೆಯಲ್ಲಿ. ಅಂಥವನು ಭಾಸಲೋಕದಲ್ಲಿ ಮಾತ್ರ ಗಣ್ಯ. ಬದುಕು ಹಾಳಾದವರ ಆಶ್ರಯಕ್ಕೆ ಲೇಖಕನೊಬ್ಬ ಇಟ್ಟ ಹೆಸರನ್ನು ತನ್ನ ಅಂಗಡಿಯ ಫಲಕಕ್ಕೆ ಬರೆಸಿದ ವ್ಯಾಪಾರಿ ಆ ಪುಸ್ತಕವನ್ನು ಕೊನೆಯವರೆಗೆ ಓದಿದ್ದನೇ ಎಂದು ಸಾಹಿತ್ಯದ ಓದುಗನಿಗೆ ಸಂಶಯ ಬಂದರೆ ತಪ್ಪೇನು?

ಮರುವರ್ಷದ ಅಕ್ಟೋಬರಿನಲ್ಲಿ ಇನ್ನೊಂದು ವಿನೋದ ನಡೆಯಿತು. ಆ ಲೋಕದ ಅವತಾರಗಳಿಗೆ ಅಲ್ಲಿಯವರೆಗೆ ಸೊಂಟದ ಕೆಳಗೆ ಏನೂ ಇರಲಿಲ್ಲ, ಗಾಳಿಯಲ್ಲಿ ತೇಲುತ್ತಿದ್ದುವು. ಇನ್ನು ಮುಂದೆ ಕಾಲು ಬರುತ್ತದೆಂದು ಸಂಸ್ಥೆಯ ಮುಖ್ಯಸ್ಥರ ಅವತಾರವೇ ಜಿಗಿದು ತೋರಿಸಿತು. ಕೆಲವೇ ದಿನಗಳಲ್ಲಿ ಸಂಸ್ಥೆ ಒಪ್ಪಿಕೊಂಡಿತು: ಆ ಚಿತ್ರದಲ್ಲಿ ಕಂಡ ಚಲನೆ ಆ ಲೋಕದ್ದಲ್ಲ; ಮನುಷ್ಯರ ಚಲನೆಯನ್ನು ಬೇರೆ ವಿಧಾನದಿಂದ ಸೆರೆಹಿಡಿದು ಪ್ರದರ್ಶನಕ್ಕೆಂದು ಜೋಡಿಸಿದ್ದು. ಬಳಕೆದಾರರಿಗೆ ಕಾಲು ದೊರೆಯಲು 2023 ಬರಬೇಕಾಯಿತು. 2022ರ ಒಂದೇ ವರ್ಷದಲ್ಲಿ ಈ ವಿಭಾಗಕ್ಕೆ ಆದ ನಷ್ಟ ಸುಮಾರು 1,370 ಕೋಟಿ ಡಾಲರು.

ಇದನ್ನು ಓದಿದಾಗ ನನಗೆ ನೆನಪಾದದ್ದು ಗುಬ್ಬಿ ಕಂಪನಿ. 1884ರಲ್ಲಿ ಹುಟ್ಟಿ, ವೀರಣ್ಣನವರ ಕಾಲದಲ್ಲಿ ನಾಡಿನ ಮನೆಮಾತಾದ ಆ ನಾಟಕ ಕಂಪನಿ 1934ರಲ್ಲಿ ‘ಕುರುಕ್ಷೇತ್ರ’ವನ್ನು ಆಡಿದಾಗ ರಂಗದ ಮೇಲೆ ಜೀವಂತ ಆನೆ, ಕುದುರೆಗಳು ಬಂದುವು. ಜನ ಬಂಡಿ ಕಟ್ಟಿಕೊಂಡು ಹೋದರು. ಕಂಪನಿ ನಾಟಕವೆಂಬುದು ಸಾರಾಂಶದಲ್ಲಿ ಭಾಸಲೋಕವೇ. ತೆರೆಯ ಮೇಲೆ ಬರೆದ ಅರಮನೆ, ಬಣ್ಣದ ಕಿರೀಟ, ದೀಪದ ಬೆಳದಿಂಗಳು. ಅಲ್ಲಿ ಸುಳ್ಳಿಗೇನು ಬರವೇ? ಆದರೆ ಸುಳ್ಳು ತೆರೆಯ ಒಳಗಿತ್ತು, ಹ್ಯಾಂಡ್‌ಬಿಲ್ಲಿನಲ್ಲಿ ಇರಲಿಲ್ಲ. ಆನೆ ಬರುತ್ತದೆಂದರೆ ಆನೆ ಬಂದಿತು. ಬಾರದಿದ್ದರೆ ಮರುದಿನ ಆ ಊರಿನಲ್ಲಿ ಡೇರೆ ನಿಲ್ಲುತ್ತಿರಲಿಲ್ಲ. ಮಾಯೆಯನ್ನು ಮಾರುವವನಿಗೆ ಮಾತು ಮಾಯೆಯಾಗಬಾರದು. ಅಕ್ಕಿ ಮಾರುವವನು ಸ್ವಲ್ಪ ಹೆಚ್ಚಿಗೆ ಹೇಳಿದರೆ ಗಿರಾಕಿ ಅಕ್ಕಿಯನ್ನು ಮುಷ್ಟಿಯಲ್ಲಿ ಹಿಡಿದು ನೋಡಿಯಾನು. ಕಣ್ಣು ಮುಚ್ಚಿಕೊಂಡು ಒಳಗೆ ಬರಬೇಕಾದ ಊರಿನ ವಿಷಯದಲ್ಲಿ ಹಿಡಿದು ನೋಡಲು ಮಾತಿನ ಹೊರತು ಇನ್ನೇನಿದೆ?

ಆ ಕಾಲದ ಹ್ಯಾಂಡ್‌ಬಿಲ್ಲುಗಳನ್ನು ಕಂಡವರಿಗೆ ಗೊತ್ತು. ಗುಲಾಬಿ, ಹಳದಿ, ಹಸಿರು ತೆಳುಕಾಗದ. ಮೇಲೆ ದೇವರ ಹೆಸರು. ನಾಟಕದ ಹೆಸರು, ಪಾತ್ರವರ್ಗ, ಹೊತ್ತು, ಟಿಕೇಟಿನ ದರ. ಕೆಳಗೆ, ಹೆಂಗಸರಿಗೆ ಪ್ರತ್ಯೇಕ ಸ್ಥಳವುಂಟು ಎಂಬ ಸಾಲು. ಈ ಕಡೆಯ ಸಾಲನ್ನು ನಾವು ಸಣ್ಣದೆಂದು ಎಣಿಸಬಾರದು. ಎಷ್ಟೋ ಮನೆಗಳಲ್ಲಿ ನಾಟಕಕ್ಕೆ ಹೋಗುವುದೋ ಬೇಡವೋ ಎಂಬುದನ್ನು ತೀರ್ಮಾನಿಸಿದ್ದು ಆ ಸಾಲೇ. 2021ರ ಕೊನೆಯಲ್ಲಿ, ಮೆಟಾದ ಹೊರೈಜ಼ನ್ ಎಂಬ ಲೋಕದಲ್ಲಿ ತನ್ನ ಅವತಾರದ ಮೈಮೇಲೆ ಅಪರಿಚಿತನ ಅವತಾರ ಕೈಹಾಕಿತೆಂದು ಪರೀಕ್ಷಾರ್ಥವಾಗಿ ಪ್ರವೇಶಿಸಿದ್ದ ಮಹಿಳೆಯೊಬ್ಬರು ದೂರಿದರು. 2022ರ ಫೆಬ್ರವರಿಯಲ್ಲಿ ಸಂಸ್ಥೆ ಪ್ರತಿಯೊಬ್ಬರ ಸುತ್ತ ಕಣ್ಣಿಗೆ ಕಾಣದ ಒಂದು ಬೇಲಿ ಹಾಕಿತು. ಎರಡು ಅವತಾರಗಳ ನಡುವೆ ಸುಮಾರು ನಾಲ್ಕು ಅಡಿ ಅಂತರ. ಒಳ್ಳೆಯದೇ ಆಯಿತು. ಆದರೆ ನಮ್ಮ ಕಂಪನಿಗಳು ಮೊದಲ ದಿನದ ಕರಪತ್ರದಲ್ಲಿಯೇ ಅಚ್ಚು ಹಾಕಿಸುತ್ತಿದ್ದುದನ್ನು ಇವರು ದೂರು ಬಂದ ಮೇಲೆ ಯೋಚಿಸಿದರು.

ಭೂಮಿ ಮಾರಿದವರದು ಬೇರೆಯೇ ಕಥೆ. ರಸ್ತೆ ಬದಿಯ ಜಮೀನಿನ ಬೆಲೆಯ ಮಾತಿಲ್ಲದೆ ಕಾಫಿಯ ಲೋಟ ಬರಿದಾಗದ ಸೀಮೆ ನಮ್ಮದು. ಇದು ನಮಗೆ ಬೇಗ ಅರ್ಥವಾಗುತ್ತದೆ. 2021ರ ನವೆಂಬರಿನಲ್ಲಿ ಡಿಸೆಂಟ್ರಲ್ಯಾಂಡ್ ಎಂಬ ಭಾಸಲೋಕದ ಕೆಲವು ನಿವೇಶನಗಳು ಒಟ್ಟಾಗಿ ಸುಮಾರು 24 ಲಕ್ಷ ಡಾಲರಿಗೆ ಮಾರಾಟವಾದುವು. ಅನಂತರ ಬೆಲೆ ಪಾತಾಳಕ್ಕಿಳಿಯಿತು. ಇಲ್ಲಿ ಭೂಮಿಗೆ ಬೆಲೆ ಬರುವುದು ಅದು ಹೆಚ್ಚುವುದಿಲ್ಲ ಎಂಬ ಕಾರಣಕ್ಕೆ. ಅಲ್ಲಿ ಇನ್ನೊಂದು ಲೋಕವನ್ನು ಯಾರು ಬೇಕಾದರೂ ನಾಳೆ ಕಟ್ಟಬಹುದು. ಊರಿಗೆ ಜನ ಬರುವ ಮುಂಚೆಯೇ ಸೈಟು ಮಾರುವವನ ಕರಪತ್ರವನ್ನು ಎಲ್ಲಿ ಸಿಕ್ಕರೂ ಅನುಮಾನದಿಂದ ನೋಡುವುದು ಲೇಸು.

ಹಾಗಾದರೆ ಒಂದೂ ಭಾಸಲೋಕ ನಿಲ್ಲಲಿಲ್ಲವೇ? ನಿಂತಿವೆ. 2003ರಲ್ಲಿ ಲಿಂಡನ್ ಲ್ಯಾಬ್ ಎಂಬ ಸಂಸ್ಥೆ ‘ಸೆಕೆಂಡ್ ಲೈಫ್’ ಎಂಬ ಲೋಕವನ್ನು ತೆರೆಯಿತು. ಅಲ್ಲಿ ಗೆಲ್ಲಬೇಕಾದ ಆಟವಿಲ್ಲ. ಜನ ಮನೆ ಕಟ್ಟುತ್ತಾರೆ, ಬಟ್ಟೆ ಹೊಲಿದು ಮಾರುತ್ತಾರೆ, ಹರಟುತ್ತಾರೆ. 2006, 2007ರ ಹೊತ್ತಿಗೆ ಅದರ ಹೆಸರು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಹಬ್ಬಿತು. ರಾಯಿಟರ್ಸ್ ಸುದ್ದಿಸಂಸ್ಥೆ ಅಲ್ಲಿಗೊಬ್ಬ ವರದಿಗಾರನನ್ನು ನೇಮಿಸಿತು. ಸ್ವೀಡನ್ ದೇಶ ಒಂದು ರಾಯಭಾರ ಕಚೇರಿಯನ್ನೇ ತೆರೆಯಿತು. ದೊಡ್ಡ ದೊಡ್ಡ ಕಂಪನಿಗಳು ಭವ್ಯವಾದ ಮಳಿಗೆಗಳನ್ನು ಕಟ್ಟಿ, ಒಳಗೆ ಮಾತನಾಡಿಸಲು ಒಬ್ಬ ನರಪಿಳ್ಳೆಯನ್ನೂ ನಿಲ್ಲಿಸದೆ ಹೋದುವು. ಬಂದವರು ಖಾಲಿ ಹಜಾರ ನೋಡಿ ಹಿಂದಿರುಗಿದರು. ಮಳಿಗೆಗಳು ಒಂದೊಂದಾಗಿ ಮುಚ್ಚಿದುವು. ಪತ್ರಿಕೆಗಳು ಆ ಲೋಕವನ್ನು ಮರೆತುವು. ಆದರೆ ಅಲ್ಲಿ ಸ್ವಂತ ಕೈಯಿಂದ ಏನನ್ನಾದರೂ ಮಾಡಿದವರು, ಸ್ನೇಹಿತರನ್ನು ಪಡೆದವರು ಉಳಿದರು, ಲೋಕವೂ ಉಳಿಯಿತು. ನಮ್ಮ ಮಕ್ಕಳು ಆಡುವ ಮೈನ್‌ಕ್ರಾಫ್ಟ್, ರೋಬ್ಲಾಕ್ಸ್‌ಗಳೂ ಭಾಸಲೋಕಗಳೇ. ಆ ಹೆಸರು ಮಕ್ಕಳಿಗೆ ಗೊತ್ತಿಲ್ಲ. ಅವರನ್ನು ಅಲ್ಲಿಗೆ ಕರೆದೊಯ್ದದ್ದು ಪಕ್ಕದ ಬೆಂಚಿನ ಹುಡುಗ ಹೇಳಿದ ‘ಬಾರೋ’ ಎಂಬ ಒಂದು ಮಾತು.

ನನ್ನ ಮನಸ್ಸಿನಲ್ಲಿ ಹೆಚ್ಚು ಕಾಲ ಉಳಿದ ಒಂದು ಉದಾಹರಣೆ ನಮ್ಮ ಗಡಿಗೆ ಅಂಟಿಕೊಂಡಿರುವ ಕೃಷ್ಣಗಿರಿ ಜಿಲ್ಲೆಯದು. ಕನ್ನಡ ಮಾತನಾಡುವ ಮನೆಗಳು ಬಹಳವಾಗಿರುವ ಸೀಮೆ ಅದು. 2022ರ ಫೆಬ್ರವರಿಯಲ್ಲಿ ಅಲ್ಲಿಯ ಹಳ್ಳಿಯೊಂದರಲ್ಲಿ ಒಂದು ಮದುವೆ ನಡೆಯಿತು. ಸೋಂಕಿನ ಕಾಲ, ನೆಂಟರಿಷ್ಟರನ್ನು ಕರೆಯುವಂತಿರಲಿಲ್ಲ. ವಧೂವರರು ಆರತಕ್ಷತೆಯನ್ನು ಭಾಸಲೋಕದಲ್ಲಿ ಇಟ್ಟುಕೊಂಡರು. ಕಥೆಪುಸ್ತಕದ ಮಾಯಾ ಅರಮನೆಯಂಥ ಮಂಟಪ. ಬಂದವರಿಗೆಲ್ಲ ಒಂದೊಂದು ಅವತಾರ. ಆ ಸಭೆಯಲ್ಲಿ ಎಲ್ಲರೂ ನೋಡಿದ್ದು ಅರಮನೆಯನ್ನಲ್ಲ. ವಧುವಿನ ತಂದೆ ಆ ಹೊತ್ತಿಗೆ ತೀರಿಕೊಂಡಿದ್ದರು. ಅವರ ರೂಪದ ಅವತಾರವೊಂದು ಅಲ್ಲಿ ನಿಂತು ಅತಿಥಿಗಳನ್ನು ಬರಮಾಡಿಕೊಂಡಿತು. ಇದು ಸರಿಯೇ, ಸತ್ತವರನ್ನು ಹೀಗೆ ನಿಲ್ಲಿಸಬಹುದೇ ಎಂದು ಕೇಳುವವರು ಕೇಳಲಿ. ನನಗೂ ಒಳಗೊಳಗೆ ಅಳುಕಿದೆ. ಆದರೆ ಅಕ್ಕನ ಪ್ರಶ್ನೆಗೆ ಆ ಆಹ್ವಾನಪತ್ರಿಕೆಯಲ್ಲಿ ಉತ್ತರವಿತ್ತು. ಅಲ್ಲಿ ಯಾರಿದ್ದಾರೆ ಎಂದರೆ, ಅಪ್ಪ ಇದ್ದಾರೆ. ಕನ್ನಡಕದ ಬೆಲೆ, ಪರದೆಯ ಸೂಕ್ಷ್ಮತೆ ಆಮೇಲಿನ ಮಾತು. ಇದಕ್ಕೆ ಪ್ರತಿಯಾಗಿ, 2023ರ ಜೂನಿನಲ್ಲಿ ಆಪಲ್ ಸಂಸ್ಥೆ ತನ್ನ ಕನ್ನಡಕವನ್ನು ಜಗತ್ತಿಗೆ ತೋರಿಸಿದ ಚಿತ್ರದಲ್ಲಿ, ತಂದೆಯೊಬ್ಬ ಮುಖ ಮುಚ್ಚುವ ಆ ಸಾಧನವನ್ನು ಧರಿಸಿ ಎದುರಿಗೆ ಆಡುತ್ತಿದ್ದ ತನ್ನ ಮಕ್ಕಳನ್ನು ಸೆರೆಹಿಡಿಯುತ್ತಾನೆ. ಮಕ್ಕಳಿಗೆ ಅಪ್ಪನ ಕಣ್ಣಿನ ಜಾಗದಲ್ಲಿ ಕಂಡದ್ದು ಗಾಜು. ಮುಂದಿನ ವರ್ಷ ಅದು 3,499 ಡಾಲರಿಗೆ ಮಾರಾಟಕ್ಕೆ ಬಂದಿತು.

ಇನ್ನು ನಮ್ಮ ಊರಿನ ಪಕ್ಕದಲ್ಲಿಯೇ ಎದ್ದು ಅಳಿದ ಒಂದು ಭಾಸಲೋಕದ ಮಾತು. ರಾಮನಗರದ ರಾಮದೇವರ ಬೆಟ್ಟದ ಬಂಡೆಗಳ ನಡುವೆ 1973ರ ಅಕ್ಟೋಬರಿನಲ್ಲಿ ‘ಶೋಲೆ’ ಚಿತ್ರದ ಚಿತ್ರೀಕರಣ ಆರಂಭವಾಯಿತು. ಕಲಾನಿರ್ದೇಶಕ ರಾಮ್ ಯಡೇಕರ್ ಅಲ್ಲಿ ರಾಮಗಢವೆಂಬ ಒಂದು ಇಡೀ ಹಳ್ಳಿಯನ್ನೇ ಕಟ್ಟಿ ನಿಲ್ಲಿಸಿದರು. ಕೆಲಸ ಮುಗಿದ ಮೇಲೆ ಅದನ್ನು ಕಿತ್ತರು. ಇಲ್ಲದ ಊರು, ಆದರೆ ಅದನ್ನು ಕಾಣಲು ಜನ ಇವತ್ತಿಗೂ ಬರುತ್ತಾರೆ, ಗಬ್ಬರನ ಬಂಡೆ ಯಾವುದೆಂದು ಕೇಳುತ್ತಾರೆ. ಆ ಊರಿಗೆ ಜನರನ್ನು ಕರೆದವರು ಯಾರು? 1975ರ ಆಗಸ್ಟ್ 15ರಂದು ಚಿತ್ರ ತೆರೆಕಂಡಾಗ ಎಪ್ಪತ್ತು ಮಿಲಿಮೀಟರ್ ತೆರೆ, ಸುತ್ತಲೂ ಕೇಳುವ ಧ್ವನಿ ಎಲ್ಲವೂ ಇದ್ದುವು. ಆದರೂ ಮೊದಲ ವಾರಗಳಲ್ಲಿ ಸೋತಿತೆಂದೇ ವ್ಯಾಪಾರಿಗಳು ಬಗೆದರು. ಅನಂತರ, ನೋಡಿ ಬಂದವರು ಸಂಭಾಷಣೆಗಳನ್ನು ಬಾಯಿಪಾಠ ಹೇಳತೊಡಗಿದರು. ಅದನ್ನು ಗಮನಿಸಿ ಪಾಲಿಡಾರ್ ಕಂಪನಿ ಹಾಡುಗಳನ್ನಲ್ಲದೆ ಮಾತುಗಳನ್ನೂ ಧ್ವನಿಮುದ್ರಿಕೆಯಾಗಿ ಹೊರತಂದಿತು. ಹೋಟೆಲು, ಮದುವೆಮನೆ, ಗಣೇಶನ ಪೆಂಡಾಲುಗಳಲ್ಲಿ ಗಬ್ಬರನ ಗುಡುಗು ಕೇಳಿಬಂದಿತು. ಬೊಂಬಾಯಿಯ ಮಿನರ್ವ ಚಿತ್ರಮಂದಿರದಲ್ಲಿ ಚಿತ್ರ ಐದು ವರ್ಷಕ್ಕೂ ಮೀರಿ ಓಡಿತು. ಆ ಲೋಕಕ್ಕೆ ಹೋದವನು ಬರಿಗೈಯಲ್ಲಿ ಹಿಂದಿರುಗಲಿಲ್ಲ. ಪಕ್ಕದ ಮನೆಯವನಿಗೆ ಹಂಚಲು ಏನನ್ನೋ ತಂದಿದ್ದ. ಕನ್ನಡಕದ ಲೋಕದಿಂದ ಈಗ ನಾವು ತರುವುದು ಮೂಗಿನ ಮೇಲಿನ ಕೆಂಪು ಗೆರೆಯೊಂದನ್ನೇ.

ಅದೇ ರಾಮನಗರದಲ್ಲಿ ರಾಮಗಢವನ್ನು ಮೂರು ಆಯಾಮದ ಭಾಸಗ್ರಾಮವಾಗಿ ಮರಳಿ ಕಟ್ಟುವ ಆಲೋಚನೆಯೊಂದು ರಾಜ್ಯದ ಪ್ರವಾಸೋದ್ಯಮ ಇಲಾಖೆಯಿಂದ 2017ರಲ್ಲಿ ಸುದ್ದಿಯಾಯಿತು. ಬೆಟ್ಟ ರಣಹದ್ದುಗಳ ಧಾಮವೆಂದು ಘೋಷಿತವಾದದ್ದು 2012ರಲ್ಲಿ. ಹದ್ದಿನ ಗೂಡಿಗೆ ಕಲ್ಲೆಸೆಯದೆ, ಬಂಡೆಯ ಮೇಲೆ ಹೆಸರು ಕೆತ್ತದೆ ಜನರಿಗೆ ಆ ಊರನ್ನು ತೋರಿಸುವುದಾದರೆ ಭಾಸಲೋಕಕ್ಕಿಂತ ಒಳ್ಳೆಯ ಉಪಾಯ ಯಾವುದಿದೆ? ಆ ಮಾತು ಕೇಳಿದಂದಿನಿಂದ ನಾನು ಮನಸ್ಸಿನಲ್ಲೇ ಅದಕ್ಕೊಂದು ಕರಪತ್ರ ಬರೆಯುತ್ತಿದ್ದೇನೆ. ಗುಲಾಬಿ ಬಣ್ಣದ ತೆಳುಕಾಗದದಲ್ಲಿ.

ಮೇಲೆ ದೊಡ್ಡಕ್ಷರದಲ್ಲಿ: ರಾಮಗಢಕ್ಕೆ ಬನ್ನಿ. ನೀರಿನ ತೊಟ್ಟಿ ಹತ್ತಬಹುದು. ಟಾಂಗಾದಲ್ಲಿ ಬಸಂತಿಯ ಪಕ್ಕದಲ್ಲಿ ಕೂರಬಹುದು. ಅವಳು ಮಾತು ನಿಲ್ಲಿಸುವಳೆಂಬ ಭರವಸೆ ಕೊಡಲಾರೆವು. ಅದರ ಕೆಳಗೆ: ಆಟ ಇಪ್ಪತ್ತು ನಿಮಿಷ, ದರ ಇಷ್ಟು, ಒಳಗೆ ಹೋದ ಮೇಲೆ ಮತ್ತೆ ಕಾಸು ಕೇಳುವುದಿಲ್ಲ. ತಲೆ ಸುತ್ತಬಹುದು, ಕುರ್ಚಿ ಇದೆ, ಮಜ್ಜಿಗೆ ಇದೆ. ಸಾಕೆನಿಸಿದರೆ ಬಲಗೈ ಎತ್ತಿ. ತಕ್ಷಣ ಹೊರಗೆ ಬರುತ್ತೀರಿ. ನಿಮ್ಮ ಮೈಮೇಲೆ ಯಾರೂ ಬೀಳದಂತೆ ಅಂತರ ಕಾಯ್ದಿದ್ದೇವೆ. ತೀರಾ ಚಿಕ್ಕ ಮಕ್ಕಳನ್ನು ಕರೆತರಬೇಡಿ. ಈಗಿನ ಕೆಲವು ಕನ್ನಡಕಗಳು ನಮ್ಮ ಕಣ್ಣು ಎತ್ತ ಹೊರಳಿತೆಂಬುದನ್ನೂ ಗುರುತಿಸಬಲ್ಲುವು. ಆದುದರಿಂದ ಇನ್ನೊಂದು ಸಾಲು: ನೀವು ಏನನ್ನು ನೋಡಿದಿರಿ, ಎಷ್ಟು ಹೊತ್ತು ನೋಡಿದಿರಿ ಎಂಬುದನ್ನು ನಾವು ಬರೆದಿಟ್ಟುಕೊಳ್ಳುವುದಿಲ್ಲ, ಯಾರಿಗೂ ಮಾರುವುದಿಲ್ಲ. ಕೊನೆಯ ಆಟ ಚನ್ನಪಟ್ಟಣದ ಕಡೆಯ ಬಸ್ಸಿಗೆ ಮುಂಚೆ ಮುಗಿಯುತ್ತದೆ. ಯಂತ್ರದ ಹೆಸರು ಬೇಕೇಬೇಕೆಂದರೆ ಅತ್ಯಂತ ಕೆಳಗೆ, ಮುದ್ರಣಾಲಯದ ಹೆಸರಿನ ಪಕ್ಕದಲ್ಲಿ, ಸಣ್ಣಕ್ಷರದಲ್ಲಿ ಹಾಕಲಿ.

ಕಳೆದ ವಾರ ವಿರೂಪಾಕ್ಷಿಪುರಕ್ಕೆ ಹೋಗಿದ್ದಾಗ ಇದನ್ನು ಅಕ್ಕನಿಗೆ ಓದಿ ಹೇಳಿದೆ. ಮಜ್ಜಿಗೆಯ ಮಾತು ಬಂದಾಗ ತಲೆಯಾಡಿಸಿದಳು. ಪೂರ್ತಿ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, “ಜೊತೇಲಿ ಇನ್ನೊಬ್ರು ಬರ್ಬೌದು ಅಂತ ಬರ್ದಿದ್ದೀಯಾ?” ಎಂದು ಕೇಳಿದಳು. ಬರೆದಿರಲಿಲ್ಲ. ಅಲ್ಲೇ ಕುಳಿತು, ಟಿಕೇಟಿನ ದರದ ಮೇಲೆ ಸೇರಿಸಿದೆ.